ಅಮೆರಿಕದ ಸಣ್ಣ ಕಾಲೇಜಿಗೆ ಅರ್ಜಿ: ಅರ್ಧ ಕೆಲಸ ಮನೆಯ ಲೆಕ್ಕದ್ದು

(ಪಿಯು ವಿದ್ಯಾರ್ಥಿಗಳು ಮತ್ತು ಪೋಷಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಸಭೆಯಿಂದ ಬಂದ ಎರಡು ಪ್ರಶ್ನೆಗಳ ಉತ್ತರವನ್ನು ಕೊನೆಯಲ್ಲಿ ಸೇರಿಸಲಾಗಿದೆ.)

ಎಲ್ಲರಿಗೂ ನಮಸ್ಕಾರ. ಮೊದಲು ಬೆಲೆಯ ಮಾತು ಮುಗಿಸಿಬಿಡೋಣ. ಇಲ್ಲಿ ಕೂತಿರುವ ತಂದೆತಾಯಂದಿರ ತಲೆಯಲ್ಲಿ ಈಗ ಓಡುತ್ತಿರುವುದು ಅದೇ. ಅಮೆರಿಕದ ಹೆಸರುವಾಸಿ ಲಿಬರಲ್ ಆರ್ಟ್ಸ್ ಕಾಲೇಜೊಂದರಲ್ಲಿ ಬೋಧನಾ ಶುಲ್ಕ, ಹಾಸ್ಟೆಲ್, ಊಟ, ಪುಸ್ತಕ, ವಿಮೆ ಎಲ್ಲ ಸೇರಿ ವರ್ಷಕ್ಕೆ 85ರಿಂದ 95 ಸಾವಿರ ಡಾಲರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಮುಕ್ಕಾಲು ಕೋಟಿಯ ಆಸುಪಾಸು. ಈ ಅಂಕಿ ನೋಡಿದವರಲ್ಲಿ ಬಹುಪಾಲು ಜನ ಅಲ್ಲಿಗೇ ಆಸೆ ಬಿಡುತ್ತಾರೆ. ಆದರೆ ಇದು ಕಾಲೇಜು ಬರೆದಿಟ್ಟ ಬೆಲೆ ಮಾತ್ರ. ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬ ಪೂರ್ತಿ ಹಣ ಕಟ್ಟಿರುತ್ತಾನೆ, ಇನ್ನೊಬ್ಬಳ ಮನೆಯವರು ವರ್ಷಕ್ಕೆ ಮೂರು ನಾಲ್ಕು ಸಾವಿರ ಡಾಲರ್ ಕಟ್ಟಿರುತ್ತಾರೆ. ಉಳಿದದ್ದನ್ನು ಕಾಲೇಜೇ ಭರಿಸಿರುತ್ತದೆ. ಆ ಹಣ ಎಲ್ಲಿಂದ ಬರುತ್ತದೆ, ಅದನ್ನು ಕೇಳುವ ಕ್ರಮ ಯಾವುದು, ನಮ್ಮ ಕಡೆಯ ಅರ್ಜಿಗಳು ಎಲ್ಲಿ ಎಡವುತ್ತವೆ ಎಂಬುದೇ ಇವತ್ತಿನ ಮಾತು.

ಲಿಬರಲ್ ಆರ್ಟ್ಸ್ ಎಂದರೆ ಬಿ.ಎ. ಕಲಾ ವಿಭಾಗ ಎಂದು ಅರ್ಥ ಮಾಡಿಕೊಳ್ಳಬೇಡಿ. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ, ಜೀವರಸಾಯನ, ಅರ್ಥಶಾಸ್ತ್ರ ಎಲ್ಲ ಇಲ್ಲಿವೆ. ಮೇಜರ್ ಎನ್ನುವ ಮುಖ್ಯ ವಿಷಯವನ್ನು ಎರಡನೇ ವರ್ಷದ ಕೊನೆಯ ಹೊತ್ತಿಗೆ ಘೋಷಿಸಿದರೆ ಸಾಕು. ಪಿಸಿಎಂಬಿ ಓದಿದ ಹುಡುಗಿ ಗಣಿತದ ಜೊತೆ ಸಂಗೀತವನ್ನೂ ಓದಬಹುದು. ಸ್ನಾತಕೋತ್ತರ ವಿಭಾಗ ಇಲ್ಲದಿರುವುದರಿಂದ ಅಥವಾ ತೀರ ಸಣ್ಣದಾಗಿರುವುದರಿಂದ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ಪದವಿ ವಿದ್ಯಾರ್ಥಿಗಳಿಗೇ ಜಾಗ. ಅಯೊವಾದ ಗ್ರಿನ್ನೆಲ್‌ನಲ್ಲಿ ಇರುವುದು ಸುಮಾರು 1,700 ವಿದ್ಯಾರ್ಥಿಗಳು, ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್‌ನಲ್ಲಿ ಸುಮಾರು 1,900. ನಮ್ಮ ದೊಡ್ಡ ಪಿಯು ಕಾಲೇಜುಗಳಲ್ಲಿ ಇದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ. ಎಂಜಿನಿಯರಿಂಗೇ ಬೇಕು ಎನ್ನುವವರಿಗೆ ಸ್ವಾರ್ತ್‌ಮೋರ್, ಸ್ಮಿತ್, ಲಫಾಯೆಟ್‌ನಂಥ ಕೆಲವೇ ಕಾಲೇಜುಗಳು. ಮೂರು ವರ್ಷ ಸಣ್ಣ ಕಾಲೇಜಿನಲ್ಲಿ, ಎರಡು ವರ್ಷ ದೊಡ್ಡ ವಿಶ್ವವಿದ್ಯಾಲಯದಲ್ಲಿ ಎನ್ನುವ ಜೋಡಿ ಪದವಿಯ ವ್ಯವಸ್ಥೆಯೂ ಉಂಟು. ಆದರೆ ಮೊದಲ ಕಾಲೇಜು ಕೊಟ್ಟ ನೆರವು ಆ ಎರಡು ವರ್ಷಕ್ಕೆ ಜೊತೆಯಲ್ಲಿ ಬರುವುದಿಲ್ಲ. ಹಣದ ಆಸರೆ ಬೇಕಾದವರು ಆ ದಾರಿಯನ್ನು ನಂಬಿ ಹೊರಡಬಾರದು.

ಹಣ ಯಾರದ್ದು?

ನಮ್ಮಲ್ಲಿ ಸ್ಕಾಲರ್‌ಶಿಪ್ ಎಂದರೆ ಸರ್ಕಾರದ್ದೋ ಯಾವುದೋ ಟ್ರಸ್ಟಿನದ್ದೋ ಎಂಬ ಎಣಿಕೆ. ಪದವಿ ಹಂತಕ್ಕೆ ಆ ದಾರಿ ಬಹಳ ಕಿರಿದು. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇರುವುದು ಸ್ನಾತಕೋತ್ತರ ಮತ್ತು ಪಿಎಚ್.ಡಿ.ಗೆ. ಜೆ.ಎನ್. ಟಾಟಾ ಎಂಡೋಮೆಂಟಿನ ಸಾಲ ವಿದ್ಯಾರ್ಥಿವೇತನವೂ ಪದವಿ ಮುಗಿಸಿದವರಿಗೆ. ಪಿಯು ಮುಗಿಸಿ ಹೊರಡುವ ಹುಡುಗನಿಗೆ ನಿಜವಾಗಿ ದೊಡ್ಡ ಮೊತ್ತ ಕೊಡಬಲ್ಲದ್ದು ಆ ಕಾಲೇಜಿನ ದತ್ತಿನಿಧಿ. ಹಳೆಯ ವಿದ್ಯಾರ್ಥಿಗಳು ಬಿಟ್ಟುಹೋದ ಹಣ ತಲೆಮಾರುಗಳ ಕಾಲ ಬೆಳೆದು ನಿಂತಿರುತ್ತದೆ. ಗ್ರಿನ್ನೆಲ್ ಅನ್ನೇ ನೋಡಿ. ಇಂಟೆಲ್ ಕಟ್ಟಿದ ರಾಬರ್ಟ್ ನಾಯ್ಸ್ ಅಲ್ಲಿ 1949ರಲ್ಲಿ ಪದವಿ ಪಡೆದವರು. 1968ರಲ್ಲಿ ಕಂಪನಿ ಶುರುವಾದಾಗ ಕಾಲೇಜು ಅದರಲ್ಲಿ ಹಣ ಹೂಡಿತ್ತು. ಇವತ್ತು ಆ ಪುಟ್ಟ ಊರಿನ ಕಾಲೇಜಿನ ದತ್ತಿನಿಧಿ 200 ಕೋಟಿ ಡಾಲರ್ ಮೀರಿದೆ. ಆಮ್‌ಹರ್ಸ್ಟ್‌ನದು 300 ಕೋಟಿ ಡಾಲರಿಗೂ ಹೆಚ್ಚು.

ಕೊಡುವ ಹಣ ಕಾಲೇಜಿನದೇ ಆದ ಮೇಲೆ ಅದನ್ನು ಕೊಡುವ ನಿಯಮವೂ ಕಾಲೇಜಿನದೇ. ಅದಕ್ಕೇ ಕಾಲೇಜುಗಳ ಪಟ್ಟಿ ಮಾಡುವಾಗ ರ‍್ಯಾಂಕಿಂಗ್ ನೋಡುವ ಮೊದಲು ವಿದೇಶಿ ವಿದ್ಯಾರ್ಥಿಗಳ ನೆರವಿನ ಪುಟ ಓದಿ. ಆ ಪುಟದಲ್ಲಿ ಎರಡು ಪ್ರಶ್ನೆಗೆ ಉತ್ತರ ಹುಡುಕಬೇಕು. ಒಂದು, ಹಣ ಕೇಳಿದ್ದರಿಂದ ನನ್ನ ಪ್ರವೇಶಕ್ಕೆ ಅಡ್ಡಿಯಾಗುತ್ತದೆಯೇ? ಎರಡು, ಪ್ರವೇಶ ಕೊಟ್ಟರೆ ಬೇಕಾದಷ್ಟೂ ಹಣ ಕೊಡುತ್ತಾರೆಯೇ, ಅಥವಾ ಸ್ವಲ್ಪ ಕೊಟ್ಟು ಉಳಿದದ್ದು ನಿಮ್ಮ ಪಾಡು ಎನ್ನುತ್ತಾರೆಯೇ?

ಮೊದಲ ಪ್ರಶ್ನೆಗೆ ‘ಅಡ್ಡಿಯಿಲ್ಲ’ ಎನ್ನುವ ಕಾಲೇಜುಗಳನ್ನು ನೀಡ್ ಬ್ಲೈಂಡ್ ಎನ್ನುತ್ತಾರೆ. ಅಮೆರಿಕದ ಮಕ್ಕಳಿಗೆ ಹೀಗಿರುವ ಕಾಲೇಜುಗಳು ಹಲವು, ವಿದೇಶಿಯರಿಗೂ ಹೀಗಿರುವವು ಬೆರಳೆಣಿಕೆ. ಸಣ್ಣ ಕಾಲೇಜುಗಳ ಪೈಕಿ ಆಮ್‌ಹರ್ಸ್ಟ್ 2008ರಲ್ಲಿ, ಮೇನ್ ರಾಜ್ಯದ ಬೋಡಿನ್ 2022ರಲ್ಲಿ ಈ ನಿಯಮವನ್ನು ವಿದೇಶಿಯರಿಗೂ ವಿಸ್ತರಿಸಿದವು. ಎರಡೂ ಪೂರ್ತಿ ಅಗತ್ಯವನ್ನು, ಅಂದರೆ ಒಟ್ಟು ಖರ್ಚಿನಲ್ಲಿ ಮನೆಯವರು ಕಟ್ಟಬಲ್ಲದ್ದನ್ನು ಕಳೆದು ಉಳಿದದ್ದನ್ನು, ಭರಿಸುತ್ತವೆ. ಹಾಗಾಗಿಯೇ ಜಗತ್ತಿನ ಎಲ್ಲ ಕಡೆಯಿಂದ ಅರ್ಜಿಗಳು ಅಲ್ಲಿಗೆ ಹರಿಯುತ್ತವೆ, ಪೈಪೋಟಿ ವಿಪರೀತ. ಪಟ್ಟಿಯಲ್ಲಿ ಇಂಥವು ಒಂದೆರಡು ಇರಲಿ, ಇವೇ ಪಟ್ಟಿಯಾಗದಿರಲಿ.

ಎರಡನೇ ಗುಂಪು ನೀಡ್ ಅವೇರ್. ವಿಲಿಯಮ್ಸ್, ಸ್ವಾರ್ತ್‌ಮೋರ್, ಕಾರ್ಲ್‌ಟನ್, ಮೆಕಾಲೆಸ್ಟರ್, ಮಿಡ್ಲ್‌ಬರಿ, ವ್ಯಾಸರ್, ಸ್ಮಿತ್ ಇದರಲ್ಲಿ ಬರುತ್ತವೆ. ಇವು ಪ್ರವೇಶ ನಿರ್ಧರಿಸುವಾಗ ವಿದೇಶಿ ವಿದ್ಯಾರ್ಥಿ ಎಷ್ಟು ಹಣ ಕೇಳಿದ್ದಾರೆ ಎಂದು ನೋಡುತ್ತವೆ, ಆದರೆ ಒಮ್ಮೆ ಸೀಟು ಕೊಟ್ಟ ಮೇಲೆ ತಾವು ಲೆಕ್ಕ ಹಾಕಿದ ಅಗತ್ಯವನ್ನು ಪೂರ್ತಿ ತುಂಬುತ್ತವೆ. ವಿದೇಶಿಯರಿಗೆ ಎಂದು ಆ ವರ್ಷ ಇಷ್ಟು ಹಣ ಎಂದು ತೆಗೆದಿಟ್ಟಿರುತ್ತಾರೆ. ಅದರೊಳಗೆ ಯಾರನ್ನೆಲ್ಲ ಕೂರಿಸಬಹುದು ಎಂಬುದು ಅವರ ತಲೆನೋವು. ಸಮಾನ ಅರ್ಹತೆಯ ಇಬ್ಬರಲ್ಲಿ ಕಡಿಮೆ ಕೇಳಿದವರು ಮುಂದೆ ಹೋಗುವುದು ಇಲ್ಲಿ ಸಹಜ. ನಮ್ಮ ಮಧ್ಯಮ ವರ್ಗದ ಮಕ್ಕಳು ಹೆಚ್ಚು ಅರ್ಜಿ ಹಾಕಬೇಕಾದದ್ದು ಈ ಗುಂಪಿಗೇ.

ಮೂರನೆಯದು ಮೆರಿಟ್ ಸ್ಕಾಲರ್‌ಶಿಪ್ ಕೊಡುವ ಕಾಲೇಜುಗಳು: ವೂಸ್ಟರ್, ನಾಕ್ಸ್, ಬೆಲಾಯ್ಟ್, ಲಾರೆನ್ಸ್, ಅರ್ಲಾಮ್ ಮುಂತಾದವು. ಪ್ರವೇಶ ಸಿಗುವ ಸಾಧ್ಯತೆ ಇಲ್ಲಿ ಹೆಚ್ಚು, ವರ್ಷಕ್ಕೆ ಮೂವತ್ತು ನಲವತ್ತು ಸಾವಿರ ಡಾಲರಿನ ಸ್ಕಾಲರ್‌ಶಿಪ್ ಪತ್ರವೂ ಬರಬಹುದು. ಅಷ್ಟು ದೊಡ್ಡ ಮೊತ್ತ ಕಂಡ ಕೂಡಲೇ ಊರಿಗೆಲ್ಲ ಸಿಹಿ ಹಂಚುವವರಿದ್ದಾರೆ. ಸ್ವಲ್ಪ ತಡೆದು ಲೆಕ್ಕ ಹಾಕಿ. ಒಟ್ಟು ಖರ್ಚು 80,000 ಡಾಲರ್, ಸ್ಕಾಲರ್‌ಶಿಪ್ 40,000 ಎನ್ನಿ. ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಅಷ್ಟೇ ಇರುತ್ತದೆ, ಶುಲ್ಕ ಮಾತ್ರ ಏರುತ್ತದೆ. ವರ್ಷಕ್ಕೆ ಶೇ. 4ರಷ್ಟು ಏರಿದರೆ ನಾಲ್ಕನೇ ವರ್ಷ ಖರ್ಚು 90,000 ಮುಟ್ಟುತ್ತದೆ. ಮನೆಯವರು ಹೊಂದಿಸಬೇಕಾದದ್ದು ಮೊದಲ ವರ್ಷ 40,000, ಕೊನೆಯ ವರ್ಷ 50,000, ನಾಲ್ಕು ವರ್ಷಕ್ಕೆ ಸುಮಾರು 1,80,000 ಡಾಲರ್. ಡಾಲರಿಗೆ 85 ರೂಪಾಯಿಯಂತೆ ಹಿಡಿದರೂ ಒಂದೂವರೆ ಕೋಟಿ. ಅರ್ಧ ಹಣ ಮಾಫಿ ಎಂದು ಹೇಳಿದರೂ ಇದು ಬಹುತೇಕ ಮನೆಗಳಿಗೆ ನಿಲುಕದ ಮಾತು. ಇಂಥ ಕಾಲೇಜುಗಳಲ್ಲಿ ಮೆರಿಟ್ ಜೊತೆಗೆ ಅಗತ್ಯ ಆಧಾರಿತ ನೆರವೂ ಸೇರಿಸಿ ಕೊಡುತ್ತಾರೆಯೇ ಎಂದು ಮೊದಲೇ ಇಮೇಲ್ ಬರೆದು ಕೇಳಿ. ಕೇಳಿದ್ದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕೆಂಟಕಿಯ ಬೆರಿಯಾ ಕಾಲೇಜು ಈ ಯಾವ ಗುಂಪಿಗೂ ಸೇರದು. 1892ರಿಂದ ಅಲ್ಲಿ ಬೋಧನಾ ಶುಲ್ಕವನ್ನೇ ಪಡೆಯುತ್ತಿಲ್ಲ. ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ 10 ಗಂಟೆ ಕಾಲೇಜಿನ ಕೆಲಸ ಮಾಡಲೇಬೇಕು. ಆರಿಸಿಕೊಂಡ ವಿದೇಶಿ ವಿದ್ಯಾರ್ಥಿಗಳಿಗೆ ಮೊದಲ ವರ್ಷ ಹಾಸ್ಟೆಲ್, ಊಟ ಸೇರಿ ಪೂರ್ತಿ ನೆರವು. ತೆಗೆದುಕೊಳ್ಳುವುದು ವರ್ಷಕ್ಕೆ ಸುಮಾರು 30 ಮಂದಿಯನ್ನು ಮಾತ್ರ, ಅದೂ ಬಡತನದ ಹಿನ್ನೆಲೆಯವರನ್ನು. ನಿಜವಾಗಿ ಕಡಿಮೆ ಆದಾಯದ ಮನೆಯ, ಚೆನ್ನಾಗಿ ಓದುವ ಮಗು ಇದನ್ನು ಬಿಡಬಾರದು.

ಇನ್ನೂ ಹತ್ತನೇ ತರಗತಿಯಲ್ಲಿರುವ ಮಕ್ಕಳ ಪೋಷಕರಿಗೆ ಒಂದು ಮಾತು. ಪುಣೆಯ ಹತ್ತಿರ ಯುನೈಟೆಡ್ ವರ್ಲ್ಡ್ ಕಾಲೇಜುಗಳ ಬಳಗದ ಮಹೀಂದ್ರ ಕಾಲೇಜು ಇದೆ. ಪಿಯು ಬದಲಿಗೆ ಅಲ್ಲಿ ಓದುವ ಎರಡು ವರ್ಷಕ್ಕೂ ಅಗತ್ಯ ನೋಡಿ ನೆರವು ಕೊಡುತ್ತಾರೆ. ಆ ಬಳಗದಲ್ಲಿ ಓದಿ ಹೊರಬಂದವರಿಗೆ ಅಮೆರಿಕದ ಹಲವು ಸಣ್ಣ ಕಾಲೇಜುಗಳಲ್ಲಿ ಡೇವಿಸ್ ಸ್ಕಾಲರ್ಸ್ ಎಂಬ ಯೋಜನೆಯ ಬೆಂಬಲವಿದೆ, 2000ನೇ ಇಸವಿಯಿಂದ ನಡೆಯುತ್ತಿದೆ.

ಮನೆಯ ಲೆಕ್ಕ

ಈಗ ಬಹಳ ಜನ ಕೊನೆಯ ವಾರಕ್ಕೆ ತಳ್ಳುವ ಕೆಲಸಕ್ಕೆ ಬರುತ್ತೇನೆ. ಹಣಕಾಸಿನ ಅರ್ಜಿ. ಹೆಚ್ಚಿನ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿಯನ್ನು ಕೇಳುತ್ತವೆ. ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಪ್ರತಿಯೊಂದಕ್ಕೆ 16. ಎಂಟು ಕಾಲೇಜಾದರೆ 137 ಡಾಲರ್. ಅಮೆರಿಕದ ಮಕ್ಕಳಿಗೆ ಆದಾಯ ನೋಡಿ ತಾನಾಗಿ ಸಿಗುವ ವಿನಾಯಿತಿ ನಮಗೆ ಸಿಗದು. ಆದರೆ ಕಾಲೇಜಿನ ನೆರವು ಕಚೇರಿಗೆ ಬರೆದು ಕೇಳಿದರೆ ಕೆಲವು ಕಡೆ ವಿನಾಯಿತಿ ಕೋಡ್ ಕೊಡುತ್ತಾರೆ, ಕೆಲವು ಕಾಲೇಜುಗಳು ಪ್ರೊಫೈಲ್ ಬದಲಿಗೆ ಶುಲ್ಕವಿಲ್ಲದ ತಮ್ಮದೇ ಫಾರಂ ಕಳಿಸುತ್ತವೆ. ಎಫ್‌ಎಎಫ್‌ಎಸ್‌ಎ ಎಂಬ ಇನ್ನೊಂದು ಹೆಸರು ನಿಮಗೆ ಎಲ್ಲೆಲ್ಲೂ ಕಾಣುತ್ತದೆ. ಅದು ಅಮೆರಿಕ ಸರ್ಕಾರದ ನೆರವಿನ ಅರ್ಜಿ, ಭಾರತದ ಪ್ರಜೆಗಳಿಗಲ್ಲ. ಆದರೆ ಅಪ್ಪ ಅಮ್ಮ ಅಲ್ಲಿ ಕೆಲಸದಲ್ಲಿದ್ದಾಗ ಹುಟ್ಟಿ, ಈಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಓದುತ್ತಿರುವ, ಅಮೆರಿಕದ ಪಾಸ್‌ಪೋರ್ಟ್ ಇರುವ ಮಕ್ಕಳು ಅದನ್ನು ತುಂಬಲೇಬೇಕು. ನೆರವಿನ ವಿಷಯದಲ್ಲಿ ಅವರನ್ನು ಅಲ್ಲಿನ ಮಕ್ಕಳಂತೆಯೇ ಕಾಣುತ್ತಾರೆ. ಇದು ಗೊತ್ತಿಲ್ಲದೆ ವಿದೇಶಿ ವಿದ್ಯಾರ್ಥಿ ಎಂದು ಅರ್ಜಿ ಹಾಕಿದರೆ ದೊಡ್ಡ ನಷ್ಟ.

ಪ್ರೊಫೈಲ್ ತುಂಬುವಾಗ ಮೊದಲ ತಪ್ಪು ಆಗುವುದು ಸೊನ್ನೆಗಳಲ್ಲಿ. ಮೊತ್ತವನ್ನು ಯಾವ ನಾಣ್ಯದಲ್ಲಿ ಕೇಳಿದ್ದಾರೆ ಎಂದು ಪ್ರತಿ ಫಾರಂನಲ್ಲೂ ಓದಿ. ರೂಪಾಯಿಯಲ್ಲಿ ಕೇಳಿದ ಕಡೆ ರೂಪಾಯಿ, ಡಾಲರಿನಲ್ಲಿ ಕೇಳಿದ ಕಡೆ ಡಾಲರ್. ಎಂಟು ಲಕ್ಷ ಸಂಬಳದ ಮನೆಯವರು ಡಾಲರ್ ಕಾಲಂನಲ್ಲಿ 8,00,000 ಬರೆದರೆ ಆ ಮನೆಗೆ ನೆರವು ಬೇಕಿಲ್ಲ ಎಂದೇ ಅರ್ಥ. ಲಕ್ಷ, ಕೋಟಿ ಎಂಬ ಮಾತುಗಳೂ ನಾವು ಅಲ್ಪವಿರಾಮ ಹಾಕುವ ರೀತಿಯೂ ಅಲ್ಲಿನವರಿಗೆ ಗೊತ್ತಿಲ್ಲ. ಎರಡನೆಯದು ವರ್ಷದ ಗೊಂದಲ. ಅವರದು ಜನವರಿಯಿಂದ ಡಿಸೆಂಬರ್, ನಮ್ಮ ಆದಾಯ ತೆರಿಗೆಯದು ಏಪ್ರಿಲ್‌ನಿಂದ ಮಾರ್ಚ್. ಮುಗಿದ ಹಣಕಾಸು ವರ್ಷವನ್ನು ಹಿಡಿದು, ಅದು ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಎಂದು ವಿವರಣೆಯ ಕಾಲಂನಲ್ಲಿ ಒಂದು ಸಾಲು ಬರೆದರೆ ಗೊಂದಲ ತೀರುತ್ತದೆ.

ಸಂಬಳದಾರರಿಗೆ ದಾಖಲೆ ಸುಲಭ: ಫಾರಂ 16, ಐಟಿ ರಿಟರ್ನ್, ಮೂರು ತಿಂಗಳ ಸಂಬಳದ ಚೀಟಿ, ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್. ಕೃಷಿಕರ ಮನೆಯಲ್ಲಿ ಕೆಲಸ ಹೆಚ್ಚು, ಇದರ ಬಗ್ಗೆ ವಿವರವಾಗಿ ಹೇಳಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಅನೇಕರು ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ. ಆಗ ಆದಾಯವನ್ನು ಬೇರೆ ಕಾಗದಗಳಿಂದ ಕಟ್ಟಿ ತೋರಿಸಬೇಕು. ಅಡಿಕೆಯಾದರೆ ಕ್ಯಾಂಪ್ಕೊ, ಮ್ಯಾಮ್ಕೋಸ್ ಅಥವಾ ನಿಮ್ಮ ಊರಿನ ಸೊಸೈಟಿಯ ಮಾರಾಟದ ಪಟ್ಟಿ, ಭತ್ತ ಮೆಕ್ಕೆಜೋಳವಾದರೆ ಎಪಿಎಂಸಿ ರಸೀದಿ, ಹಾಲಾದರೆ ಡೇರಿಯ ಪಾಸ್‌ಬುಕ್. ಒಂದೇ ವರ್ಷದ್ದು ಕೊಡಬೇಡಿ, ಮೂರು ವರ್ಷದ್ದು ಕೊಟ್ಟು ಸರಾಸರಿ ತೋರಿಸಿ. ಒಂದು ವರ್ಷ ಕೊಳೆರೋಗ ಬಂದು ಬೆಳೆ ಹೋಗಿದ್ದರೆ, ಇನ್ನೊಂದು ವರ್ಷ ಧಾರಣೆ ಏರಿದ್ದರೆ ಅದು ಅಲ್ಲಿ ತಾನಾಗಿ ಕಾಣುತ್ತದೆ. ಗೊಬ್ಬರ, ಕೂಲಿ, ಔಷಧಿ ಸಿಂಪಡಣೆಯ ಖರ್ಚು ಕಳೆದು ಉಳಿದದ್ದೇ ಆದಾಯ. ಮಾರಾಟದ ಒಟ್ಟು ಮೊತ್ತವನ್ನೇ ಆದಾಯ ಎಂದು ಬರೆದು ನೆರವು ಕಳೆದುಕೊಳ್ಳಬೇಡಿ.

ಪಹಣಿಯನ್ನು ಇಂಗ್ಲಿಷಿಗೆ ಅನುವಾದಿಸಿ ನೋಟರಿ ಮಾಡಿಸಿ. ಗುಂಟೆ ಎಂದರೆ ಎಕರೆಯ ನಲವತ್ತನೇ ಒಂದು ಭಾಗ ಎಂದು ಅನುವಾದದ ಕೆಳಗೆ ಬರೆಸಿ. ಜಮೀನಿನ ಬೆಲೆ ಕೇಳಿದ ಕಡೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯನ್ನು ಆಧಾರವಾಗಿ ಇಟ್ಟುಕೊಂಡು, ಅದೇ ಆಧಾರ ಎಂದು ಹೇಳಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ, ನಾಲ್ವರು ಅಣ್ಣತಮ್ಮಂದಿರ ಪಾಲು ಒಂದೇ ಪಹಣಿಯಲ್ಲಿರುತ್ತದೆ. ಎಂಟು ಎಕರೆಯ ಪಹಣಿ ಹಾಗೆಯೇ ಕಳಿಸಿದರೆ ಎಂಟೂ ಎಕರೆ ನಿಮ್ಮದೆಂದೇ ಅವರು ಲೆಕ್ಕ ಹಾಕುತ್ತಾರೆ. ಅವಿಭಕ್ತ ಆಸ್ತಿ ಎಂದರೇನು, ಪಾಲುದಾರರು ಎಷ್ಟು ಮಂದಿ, ನಿಮ್ಮ ತಂದೆಯ ಪಾಲು ಎಷ್ಟು ಎಂದು ಒಂದು ಪುಟದ ಪತ್ರ ಲಗತ್ತಿಸಿ. ಸೊಸೈಟಿಯ ಬೆಳೆ ಸಾಲ, ಚಿನ್ನದ ಮೇಲಿನ ಸಾಲ, ಅಕ್ಕನ ಮದುವೆಗೆ ಮಾಡಿದ ಸಾಲ ಎಲ್ಲಕ್ಕೂ ಬ್ಯಾಂಕಿನ ಬಾಕಿ ಪತ್ರ ಇರಲಿ. ಅಜ್ಜಿಯ ಔಷಧಿ ಖರ್ಚು ನಿಮ್ಮ ಮನೆಯ ಮೇಲಿದ್ದರೆ ಅದನ್ನೂ ಬರೆಯಿರಿ. ಅಮೆರಿಕದಲ್ಲಿ ತಂದೆತಾಯಿಯ ಖರ್ಚು ಮಗನ ಲೆಕ್ಕಕ್ಕೆ ಬರುವುದು ಅಪರೂಪ, ಹೇಳದಿದ್ದರೆ ಅವರಿಗೆ ಹೊಳೆಯುವುದಿಲ್ಲ.

ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ನಾಡಕಚೇರಿಯಿಂದ ತಂದ ಆದಾಯ ಪ್ರಮಾಣಪತ್ರದಲ್ಲಿ ಒಂದು ಮೊತ್ತ, ಬ್ಯಾಂಕ್ ಖಾತೆಯಲ್ಲಿ ಓಡಾಡುವ ಹಣ ಬೇರೆ, ಮಗುವಿನ ಪಿಯು ಕಾಲೇಜಿನ ಶುಲ್ಕ ಅದಕ್ಕಿಂತ ಬೇರೆ, ಹೀಗಿದ್ದರೆ ಆ ಅರ್ಜಿಗೆ ಉಳಿಗಾಲವಿಲ್ಲ. ವರ್ಷಕ್ಕೆ ಮೂರು ಲಕ್ಷ ಆದಾಯ ಎಂದು ಬರೆದು, ಕೋಚಿಂಗ್ ಸೇರಿದ ಪಿಯು ಕಾಲೇಜಿಗೆ ನಾಲ್ಕು ಲಕ್ಷ ಕಟ್ಟಿದ್ದರೆ ನೆರವು ಕಚೇರಿಯವರು ಮೊದಲು ಕೇಳುವುದೇ ಅದನ್ನು. ಶುಲ್ಕವನ್ನು ಸೋದರಮಾವ ಕಟ್ಟಿದ್ದರೆ ‘ಸೋದರಮಾವ ಕಟ್ಟಿದ್ದಾರೆ, ಮುಂದೆ ಕಟ್ಟುವ ಭರವಸೆ ಇಲ್ಲ’ ಎಂದು ಬರೆಯಿರಿ. ಪ್ರಾಮಾಣಿಕವಾಗಿ ವಿವರಿಸಿದ ವಿಚಿತ್ರ ಲೆಕ್ಕವನ್ನು ಅವರು ಒಪ್ಪುತ್ತಾರೆ. ಸುಳ್ಳು ಪತ್ತೆಯಾದರೆ ಸೀಟು ಹೋಗುತ್ತದೆ, ಸೇರಿದ ಮೇಲೆ ಪತ್ತೆಯಾದರೂ ಹೋಗುತ್ತದೆ.

ಇನ್ನು, ನಿಮ್ಮ ಮನೆಯವರು ವರ್ಷಕ್ಕೆ ಎಷ್ಟು ಕೊಡಬಲ್ಲಿರಿ ಎಂಬ ಪ್ರಶ್ನೆ. ಇಡೀ ಅರ್ಜಿಯಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಇಲ್ಲ. ಸೊನ್ನೆ ಎಂದು ಬರೆಯುವವರು ಒಂದು ಕಡೆ, ಸೀಟು ಸಿಗಲಿ ಎಂದು ಇಲ್ಲದ ಹಣ ಬರೆಯುವವರು ಇನ್ನೊಂದು ಕಡೆ. ಸೊನ್ನೆ ಎಂಬುದನ್ನು ನಂಬುವುದು ಕಷ್ಟ, ಮನೆಯಲ್ಲಿದ್ದರೆ ಆ ಮಗುವಿನ ಊಟ ಬಟ್ಟೆಗೆ ಏನಾದರೂ ಖರ್ಚು ಆಗಿಯೇ ಆಗುತ್ತದೆ. ಅತ್ತ ಇಪ್ಪತ್ತು ಲಕ್ಷ ಬರೆದು ಮೊದಲ ವರ್ಷ ಸೈಟು ಮಾರಿ ಕಟ್ಟಿದರೆ ಎರಡನೇ ವರ್ಷ ಮಾರಲು ಏನಿರುತ್ತದೆ? ಅಪ್ಪ, ಅಮ್ಮ, ಮಗ ಅಥವಾ ಮಗಳು ಒಟ್ಟಿಗೆ ಕೂತು, ನಾಲ್ಕು ವರ್ಷ ಬಿಡದೆ ಕಟ್ಟಬಲ್ಲ ಮೊತ್ತವನ್ನು ಹಾಳೆಯ ಮೇಲೆ ಬರೆಯಿರಿ. ತಮ್ಮನ ಓದು, ಮನೆ ಸಾಲದ ಕಂತು, ವಿಮಾನದ ಟಿಕೆಟ್ ಇವನ್ನು ಕಳೆದ ಮೇಲಿನ ಮೊತ್ತ ಅದು. ಅಷ್ಟನ್ನೇ ಅರ್ಜಿಯಲ್ಲಿ ಬರೆಯಿರಿ.

ಇನ್ನೊಂದು ಬಲೆ ಇದೆ. ಮೊದಲ ವರ್ಷ ಹಣ ಕೇಳದೆ ಸೇರಿಕೊಳ್ಳೋಣ, ಒಳಗೆ ಹೋದ ಮೇಲೆ ಕೇಳಿದರಾಯಿತು ಎಂಬ ಲೆಕ್ಕಾಚಾರ. ಪ್ರವೇಶದ ಹೊತ್ತಿನಲ್ಲಿ ನೆರವು ಕೇಳದ ವಿದೇಶಿ ವಿದ್ಯಾರ್ಥಿಗೆ ನಾಲ್ಕು ವರ್ಷವೂ ನೆರವಿಲ್ಲ ಎಂಬ ನಿಯಮ ಅನೇಕ ಕಾಲೇಜುಗಳಲ್ಲಿದೆ. ಈ ಉಪಾಯ ನಂಬಿ ಹೋದವರು ಒಂದು ವರ್ಷ ಓದಿ ವಾಪಸಾಗಬೇಕಾಗುತ್ತದೆ.

ಅರ್ಜಿಯ ಇನ್ನರ್ಧ

ಓದಿನ ಅರ್ಜಿ ಸಾಮಾನ್ಯವಾಗಿ ಕಾಮನ್ ಆ್ಯಪ್ ಮೂಲಕ, ಅಂದರೆ ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸುವ ಜಾಲತಾಣದ ಮೂಲಕ. ಆಗಸ್ಟ್ 1ಕ್ಕೆ ತೆರೆಯುತ್ತದೆ, 20 ಕಾಲೇಜುಗಳವರೆಗೆ ಸೇರಿಸಬಹುದು. ಎಂಟರಿಂದ ಹತ್ತು ಸಾಕು. ಅದಕ್ಕಿಂತ ಹೆಚ್ಚಾದರೆ ಪ್ರತಿ ಕಾಲೇಜು ಕೇಳುವ ಪೂರಕ ಪ್ರಬಂಧಗಳು ಸೊರಗುತ್ತವೆ. ಖಾತೆ ತೆರೆಯುವ ಮೊದಲೇ ಹೆಸರಿನ ವಿಷಯ ಸರಿಮಾಡಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಇದು ನಮ್ಮ ಕಡೆಯ ಮಾಮೂಲಿ ಪಾಡು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಕಾಮನ್ ಆ್ಯಪ್, ಸಿಎಸ್‌ಎಸ್, ಸ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ಎಲ್ಲದರಲ್ಲೂ ಇರಲಿ. ಇಲ್ಲದಿದ್ದರೆ ನಿಮ್ಮ ಹಣಕಾಸಿನ ಕಡತ ಒಂದು ಕಡೆ, ಅಂಕಗಳು ಒಂದು ಕಡೆ ಉಳಿದು, ಅರ್ಜಿ ಅಪೂರ್ಣ ಎಂಬ ಇಮೇಲ್ ಬರುತ್ತದೆ.

ಅಂಕಗಳನ್ನು ಜಿಪಿಎ ಎಂಬ ಅಮೆರಿಕದ ಅಳತೆಗೆ ಪರಿವರ್ತಿಸಲು ಹೋಗಬೇಡಿ. 625ಕ್ಕೆ ಎಸ್ಸೆಸ್ಸೆಲ್ಸಿ, ಪ್ರಥಮ ಪಿಯುಸಿಯ ವಾರ್ಷಿಕ ಪರೀಕ್ಷೆಯಲ್ಲಿ 600ಕ್ಕೆ ಇಷ್ಟು ಎಂದು ಇರುವಂತೆಯೇ ಕೊಡಿ, ಅಳೆಯುವುದು ಅವರ ಕೆಲಸ. ಒಂಬತ್ತನೇ ತರಗತಿಯಿಂದ ಅಂಕಪಟ್ಟಿ ಬೇಕು, ಹಳೆಯ ಹೈಸ್ಕೂಲಿಗೆ ಜೂನ್‌ನಲ್ಲೇ ಹೋಗಿ ತನ್ನಿ. ದ್ವಿತೀಯ ಪಿಯುಸಿಯ ಬೋರ್ಡ್ ಫಲಿತಾಂಶ ಬರುವ ಹೊತ್ತಿಗೆ ಪ್ರವೇಶದ ನಿರ್ಧಾರ ಆಗಿಹೋಗಿರುತ್ತದೆ. ಹಾಗಾಗಿ ಮಧ್ಯವಾರ್ಷಿಕ ಪರೀಕ್ಷೆಯನ್ನು ‘ಲೆಕ್ಕಕ್ಕಿಲ್ಲದ್ದು’ ಎಂದು ಬಿಡಬೇಡಿ. ಜನವರಿಯ ಮಿಡ್ ಇಯರ್ ರಿಪೋರ್ಟಿನಲ್ಲಿ ಹೋಗುವುದು ಅದೇ ಅಂಕ.

ಕಾಮನ್ ಆ್ಯಪ್‌ನಲ್ಲಿ ಕೌನ್ಸೆಲರ್ ಎಂಬ ಜಾಗ ಬರುತ್ತದೆ. ನಮ್ಮ ಪಿಯು ಕಾಲೇಜುಗಳಲ್ಲಿ ಅಂಥ ಹುದ್ದೆ ಅಪರೂಪ, ಪ್ರಿನ್ಸಿಪಾಲರೇ ಆ ಪಾತ್ರ ವಹಿಸಬಹುದು. ಅವರಿಗೆ ಇದು ಹೊಸದು. ಆಗಸ್ಟ್‌ನಲ್ಲೇ ಹೋಗಿ, ಏನೇನು ಅಪ್‌ಲೋಡ್ ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ: ಅಂಕಪಟ್ಟಿಗಳು, ಸ್ಕೂಲ್ ರಿಪೋರ್ಟ್, ಶಿಫಾರಸು ಪತ್ರ, ಸ್ಕೂಲ್ ಪ್ರೊಫೈಲ್. ಸ್ಕೂಲ್ ಪ್ರೊಫೈಲ್ ಎಂದರೆ ಒಂದೆರಡು ಪುಟದ ಕಾಲೇಜಿನ ಪರಿಚಯ. ಎಷ್ಟು ಮಕ್ಕಳು, ಯಾವ ಸಂಯೋಜನೆಗಳು, ಪಿಯು ಮಂಡಳಿಯ ಪರೀಕ್ಷೆ ಹೇಗೆ ನಡೆಯುತ್ತದೆ, ಕಾಲೇಜಿನಲ್ಲಿ ಶೇ. 90 ದಾಟಿದವರು ಎಷ್ಟು ಮಂದಿ. ಈ ಕೊನೆಯ ಅಂಶವಿಲ್ಲದೆ ನಿಮ್ಮ ಶೇ. 91ರ ತೂಕ ಅವರಿಗೆ ತಿಳಿಯುವುದಿಲ್ಲ. ಕಾಲೇಜಿನ ಅಧಿಕೃತ ಇಮೇಲ್ ಇದ್ದರೆ ಅದನ್ನೇ ಬಳಸಲಿ, ಇಲ್ಲದಿದ್ದರೆ ಪತ್ರಗಳು ಲೆಟರ್‌ಹೆಡ್‌ನಲ್ಲಿ, ಸಹಿ ಮೊಹರಿನೊಂದಿಗೆ ಇರಲಿ.

ಲೆಕ್ಚರರುಗಳ ಶಿಫಾರಸು ಪತ್ರದಲ್ಲಿ ನಾವು ಸೋಲುವುದು ಹೆಚ್ಚು. ‘ಈ ವಿದ್ಯಾರ್ಥಿಯ ನಡತೆ ಉತ್ತಮವಾಗಿದೆ, ಭವಿಷ್ಯಕ್ಕೆ ಶುಭ ಹಾರೈಸುತ್ತೇನೆ’ ಎಂಬ ನಡತೆ ಪ್ರಮಾಣಪತ್ರ ಅಲ್ಲಿ ಏನೂ ಹೇಳುವುದಿಲ್ಲ. ಅವರಿಗೆ ಬೇಕಾದದ್ದು ಈ ಹುಡುಗಿ ತರಗತಿಯಲ್ಲಿ ಎಂಥ ಪ್ರಶ್ನೆ ಕೇಳುತ್ತಾಳೆ, ಲ್ಯಾಬಿನಲ್ಲಿ ಫಲಿತಾಂಶ ತಪ್ಪಾಗಿ ಬಂದಾಗ ಏನು ಮಾಡಿದಳು, ಗೆಳತಿಯರಿಗೆ ಹೇಗೆ ಹೇಳಿಕೊಡುತ್ತಾಳೆ ಎಂಬುದು. ಲೆಕ್ಚರರಿಗೆ ನೂರಾರು ಮಕ್ಕಳು, ಎಲ್ಲವೂ ನೆನಪಿರುವುದಿಲ್ಲ. ನಿಮ್ಮಿಬ್ಬರ ನಡುವೆ ನಡೆದ ಮೂರು ನಾಲ್ಕು ನಿಜವಾದ ಸಂದರ್ಭಗಳನ್ನು ಬರೆದುಕೊಟ್ಟು ನೆನಪಿಸಿ. ಪತ್ರವನ್ನು ನೀವೇ ಬರೆದು ಸಹಿ ಹಾಕಿಸಿಕೊಳ್ಳಬೇಡಿ. ಪ್ರಬಂಧದ ಭಾಷೆ ಮತ್ತು ಪತ್ರದ ಭಾಷೆ ಒಂದೇ ಆಗಿದ್ದರೆ ಓದುವವರಿಗೆ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಬರೆಯಲು ಹಿಂಜರಿಯುವ ಮೇಷ್ಟ್ರಿದ್ದರೆ ಕನ್ನಡದಲ್ಲೇ ಮನಸ್ಸಿಟ್ಟು ಬರೆಯಲಿ, ಇಂಗ್ಲಿಷ್ ಲೆಕ್ಚರರು ಅನುವಾದಿಸಿ ಸಹಿ ಮಾಡಲಿ, ಎರಡೂ ಪ್ರತಿ ಹೋಗಲಿ.

ಚಟುವಟಿಕೆಗಳ ಪಟ್ಟಿಯಲ್ಲಿ ಹತ್ತು ಜಾಗ, ಪ್ರತಿಯೊಂದರ ವಿವರಣೆಗೆ 150 ಅಕ್ಷರ. ನನ್ನದು ಇಂಟಿಗ್ರೇಟೆಡ್ ಕಾಲೇಜು, ಬೆಳಗಿನಿಂದ ರಾತ್ರಿವರೆಗೆ ನೀಟ್, ಸಿಇಟಿ ತರಗತಿ, ಬೇರೇನೂ ಇಲ್ಲ ಎಂದು ಕೊರಗುವ ಮಕ್ಕಳು ಈ ಪಟ್ಟಿಯ ವರ್ಗಗಳನ್ನು ಓದಿ. ಮನೆಯ ಜವಾಬ್ದಾರಿ ಎಂಬುದೇ ಒಂದು ವರ್ಗ, ಸಂಬಳದ ಕೆಲಸ ಇನ್ನೊಂದು. ದಿನಕ್ಕೆ ಎರಡು ಗಂಟೆ ಕೊಟ್ಟಿಗೆ ಕೆಲಸ ಮಾಡುವ ಹುಡುಗ ವಾರಕ್ಕೆ 14 ಗಂಟೆ, ವರ್ಷಕ್ಕೆ 52 ವಾರ ಎಂದು ಬರೆಯಬಹುದು, ಬರೆಯಬೇಕು. ಅಪ್ಪನ ಅಂಗಡಿಯ ಲೆಕ್ಕ, ತಂಗಿಗೆ ಪಾಠ, ಯಕ್ಷಗಾನದ ಚೆಂಡೆ ಅಭ್ಯಾಸ, ಎನ್ನೆಸ್ಸೆಸ್ ಶಿಬಿರ ಎಲ್ಲವೂ ಬರುತ್ತದೆ. ಪ್ರತಿಭಾ ಕಾರಂಜಿಯಲ್ಲಿ ಪ್ರಥಮ ಎಂದಷ್ಟೇ ಬರೆದರೆ ಅವರಿಗೆ ಅರ್ಥವಾಗದು. ತಾಲ್ಲೂಕು ಮಟ್ಟವೋ ರಾಜ್ಯ ಮಟ್ಟವೋ, ಯಾವ ವಿಭಾಗ ಎಂದು ಬಿಡಿಸಿ ಹೇಳಿ.

ಪ್ರಬಂಧ 650 ಪದ ಮೀರುವಂತಿಲ್ಲ. ಬಡತನವನ್ನು ವರ್ಣಿಸಿ ಕನಿಕರ ಕೇಳುವ ಜಾಗ ಅದಲ್ಲ, ಆ ವಿವರವೆಲ್ಲ ಹಣಕಾಸಿನ ಅರ್ಜಿಯಲ್ಲಿ ಹೋಗಿರುತ್ತದೆ. ನೀವು ಯೋಚಿಸುವ ರೀತಿ ಅಲ್ಲಿ ಕಾಣಬೇಕು. ಪೂರಕ ಪ್ರಬಂಧದಲ್ಲಿ ‘ನಮ್ಮ ಕಾಲೇಜೇ ಏಕೆ’ ಎಂದು ಕೇಳುತ್ತಾರೆ. ‘ವಿಶ್ವಪ್ರಸಿದ್ಧ ಬೋಧಕವರ್ಗ’ ಎಂಬ ಮಾತು ಎಲ್ಲ ಕಾಲೇಜಿಗೂ ಹೊಂದುತ್ತದೆ, ಹಾಗಾಗಿ ಯಾವುದಕ್ಕೂ ಹೊಂದುವುದಿಲ್ಲ. ಕೋರ್ಸುಗಳ ಪಟ್ಟಿ ತೆರೆದು ನಿಮಗೆ ಬೇಕಾದ ಎರಡು ಕೋರ್ಸು ಹುಡುಕಿ, ಏಕೆ ಬೇಕು ಎಂದು ಬರೆಯಿರಿ. ಇಂಥ ಕಾಲೇಜುಗಳಲ್ಲಿ ಹೆಚ್ಚಿನವು ಏಜೆಂಟರಿಗೆ ಕಮಿಷನ್ ಕೊಡುವುದಿಲ್ಲ, ಆದ್ದರಿಂದ ಕಮಿಷನ್ ಮೇಲೆ ನಡೆಯುವ ಕನ್ಸಲ್ಟೆನ್ಸಿಗಳು ಇವುಗಳ ಹೆಸರೆತ್ತುವುದು ಕಡಿಮೆ. ಲಕ್ಷ ಕೊಟ್ಟು ಪ್ರಬಂಧ ಬರೆಸಿಕೊಳ್ಳುವುದು ಹಣಕ್ಕೂ ಹಾನಿ, ಅರ್ಜಿಗೂ ಹಾನಿ.

ಸ್ಯಾಟ್ ಬಹಳಷ್ಟು ಕಡೆ ಐಚ್ಛಿಕ. ಬೋಡಿನ್ 1969ರಿಂದಲೇ ಕಡ್ಡಾಯ ಮಾಡಿಲ್ಲ. ಒಳ್ಳೆಯ ಅಂಕ ಬಂದರೆ ಕಳಿಸಿ. ಕಡಿಮೆ ಹೆಸರಿನ ಪಿಯು ಕಾಲೇಜಿನಿಂದ ಬಂದವರಿಗೆ ಅದು ಸಹಾಯವಾಗುತ್ತದೆ. ಇಂಗ್ಲಿಷ್ ಪರೀಕ್ಷೆಗೆ ಟೋಫೆಲ್, ಐಇಎಲ್‌ಟಿಎಸ್, ಡುವೊಲಿಂಗೊ ಮೂರರಲ್ಲಿ ಯಾವುದನ್ನು ಒಪ್ಪುತ್ತಾರೆ ಎಂದು ನೋಡಿಕೊಳ್ಳಿ.

ಕೊನೆಯ ದಿನಾಂಕಗಳಲ್ಲಿ ಅರ್ಲಿ ಡಿಸಿಷನ್ ನವೆಂಬರ್ ಮೊದಲರ್ಧದಲ್ಲಿ, ಅದರ ಎರಡನೇ ಸುತ್ತು ಮತ್ತು ಸೇರಲೇಬೇಕೆಂಬ ಕಟ್ಟಿಲ್ಲದ ರೆಗ್ಯುಲರ್ ಸುತ್ತು ಜನವರಿಯ ಮೊದಲ ಎರಡು ವಾರದಲ್ಲಿ. ಅರ್ಲಿ ಡಿಸಿಷನ್ ಎಂದರೆ ಕೊಟ್ಟ ಮಾತು. ಒಂದೇ ಕಾಲೇಜಿಗೆ ಹಾಕಬಹುದು, ಸಿಕ್ಕಿದರೆ ಸೇರಲೇಬೇಕು, ವಿದ್ಯಾರ್ಥಿ, ಪೋಷಕರು, ಪ್ರಿನ್ಸಿಪಾಲರು ಮೂವರೂ ಸಹಿ ಹಾಕಿರುತ್ತಾರೆ. ನೆರವು ಸಾಲದಿದ್ದರೆ ಮಾತ್ರ ಬಿಡುಗಡೆ. ಪೂರ್ತಿ ಅಗತ್ಯ ಭರಿಸುವ ಕಾಲೇಜಾದರೆ ಧೈರ್ಯವಾಗಿ ಹಾಕಿ. ಮೆರಿಟ್ ಮಾತ್ರ ಕೊಡುವ ಕಾಲೇಜಿಗೆ ಹಾಕಿದರೆ ಬೇರೆಯವರು ಎಷ್ಟು ಕೊಡುತ್ತಿದ್ದರು ಎಂದು ಹೋಲಿಸುವ ಅವಕಾಶವೇ ಹೋಯಿತು. ರೆಗ್ಯುಲರ್ ಫಲಿತಾಂಶ ಮಾರ್ಚ್ ಕೊನೆಗೆ, ಉತ್ತರ ಕೊಡಲು ಮೇ 1ರವರೆಗೆ ಸಮಯ. ಮಾರ್ಚ್‌ನಲ್ಲೇ ನಿಮ್ಮ ಬೋರ್ಡ್ ಪರೀಕ್ಷೆ, ಅದರ ಹಿಂದೆಯೇ ಸಿಇಟಿ. ಸಿಇಟಿ ಬಿಡಬೇಡಿ. ನೆರವು ಸಿಗದೆ ಹೋದರೆ ಆ ವರ್ಷ ವ್ಯರ್ಥವಾಗಬಾರದು.

ಸಭೆಯ ಪ್ರಶ್ನೆಗಳು

ಒಬ್ಬ ತಾಯಿಯ ಪ್ರಶ್ನೆ: ಪ್ರವೇಶ ಸಿಕ್ಕಿ, ಕೊಟ್ಟ ಹಣ ಸಾಲದಿದ್ದರೆ ಏನು ಮಾಡಬೇಕು?

ನೆರವು ಪತ್ರದಲ್ಲಿ ಮೂರು ಬಗೆಯ ಹಣ ಇರುತ್ತದೆ, ಅಮ್ಮ. ಗ್ರ್ಯಾಂಟ್ ಅಥವಾ ಸ್ಕಾಲರ್‌ಶಿಪ್ ಎಂದರೆ ಮರಳಿ ಕೊಡಬೇಕಿಲ್ಲ. ಲೋನ್ ಎಂದರೆ ತೀರಿಸಬೇಕು. ಕ್ಯಾಂಪಸ್ ಕೆಲಸ ಎಂದು ಬರೆದದ್ದು ಮೊದಲೇ ಕೈಗೆ ಬರುವುದಿಲ್ಲ, ದುಡಿದ ಹಾಗೆ ಬರುತ್ತದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಮೊದಲು ಗ್ರ್ಯಾಂಟ್ ಮಾತ್ರ ಕಳೆದು ನೋಡಿ. ಆರೋಗ್ಯ ವಿಮೆ, ಚಳಿಗಾಲದ ಬಟ್ಟೆ, ವಿಮಾನದ ಖರ್ಚು ಲೆಕ್ಕದಲ್ಲಿ ಸೇರಿದೆಯೇ ನೋಡಿ. ನಿಮ್ಮ ಪರಿಸ್ಥಿತಿ ಅರ್ಜಿಯ ನಂತರ ಬದಲಾಗಿದ್ದರೆ, ಕೆಲಸ ಹೋಗಿದ್ದರೆ, ಆಸ್ಪತ್ರೆ ಖರ್ಚು ಬಂದಿದ್ದರೆ, ದಾಖಲೆ ಸಮೇತ ಮರುಪರಿಶೀಲನೆಗೆ ಬರೆಯಿರಿ. ಎಷ್ಟು ಕಡಿಮೆ ಬೀಳುತ್ತಿದೆ ಎಂದು ಮೊತ್ತವನ್ನು ಸ್ಪಷ್ಟವಾಗಿ ಹೇಳಿ. ಏಪ್ರಿಲ್ ಮೊದಲ ವಾರದಲ್ಲೇ ಬರೆಯಿರಿ, ಕೊನೆಯ ವಾರಕ್ಕೆ ಅವರ ಹಣವೂ ಮುಗಿದಿರುತ್ತದೆ. ಆಗಲೂ ಹೊಂದದಿದ್ದರೆ ಬೇಡ ಎನ್ನಿ. ಪದವಿಗಾಗಿ ಕೋಟಿ ರೂಪಾಯಿ ಸಾಲ ಮಾಡಿ ಎಂದು ನಾನು ಯಾರಿಗೂ ಹೇಳಲಾರೆ.

ಒಬ್ಬ ವಿದ್ಯಾರ್ಥಿಯ ಪ್ರಶ್ನೆ: ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕವರೂ ತೆರಿಗೆ ಕಟ್ಟಬೇಕು ಎನ್ನುತ್ತಾರೆ, ನಿಜವೇ?

ನಿಜ, ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಬೋಧನಾ ಶುಲ್ಕ ಮತ್ತು ಕಡ್ಡಾಯ ಪುಸ್ತಕಗಳಿಗೆ ಹೋಗುವ ಸ್ಕಾಲರ್‌ಶಿಪ್‌ಗೆ ಅಮೆರಿಕದಲ್ಲಿ ತೆರಿಗೆ ಇಲ್ಲ. ಹಾಸ್ಟೆಲ್ ಮತ್ತು ಊಟಕ್ಕೆ ಹೋಗುವ ಭಾಗ ಆದಾಯ ಎನಿಸಿಕೊಳ್ಳುತ್ತದೆ. ಎಫ್-1 ವಿದ್ಯಾರ್ಥಿಗೆ ಅದರ ಮೇಲೆ ಶೇ. 14 ಮುರಿದುಕೊಳ್ಳುತ್ತಾರೆ. ಊಟ ವಸತಿಗೆ 16,000 ಡಾಲರ್ ಸಿಕ್ಕಿದ್ದರೆ 2,240 ಡಾಲರ್ ನಿಮ್ಮ ಬಿಲ್ಲಿನಲ್ಲಿ ಬರುತ್ತದೆ. ಪೂರ್ತಿ ನೆರವಿನ ಮೇಲೆ ಹೋದ ಮನೆಗೆ ಇದು ದೊಡ್ಡ ಪೆಟ್ಟು. ಆದರೆ ಭಾರತದ ವಿದ್ಯಾರ್ಥಿಗಳಿಗೆ ಒಂದು ಅನುಕೂಲವಿದೆ. ಎರಡು ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಅಲ್ಲಿನ ನಿವಾಸಿಗಳಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ, ನಮ್ಮವರಿಗೂ ಸಿಗುತ್ತದೆ. 2024ರ ತೆರಿಗೆ ವರ್ಷಕ್ಕೆ ಅದು 14,600 ಡಾಲರ್ ಇತ್ತು. ಹದಿನಾರು ಸಾವಿರದಲ್ಲಿ ಅದನ್ನು ಕಳೆದರೆ ಉಳಿಯುವುದು 1,400, ಅದರ ಮೇಲೆ ಶೇ. 10ರಂತೆ 140 ಡಾಲರ್. ಕ್ಯಾಂಪಸ್ ಕೆಲಸದ ಸಂಬಳ ಇದ್ದರೆ ಅದೂ ಈ ಲೆಕ್ಕಕ್ಕೆ ಸೇರಿ ಸ್ವಲ್ಪ ಏರುತ್ತದೆ. ಮುರಿದುಕೊಂಡ ಹೆಚ್ಚುವರಿ ಹಣ ಮರಳಿ ಬರಬೇಕಾದರೆ ಅಲ್ಲಿನ ಅನಿವಾಸಿಗಳ ತೆರಿಗೆ ಫಾರಂ ಆದ 1040-ಎನ್‌ಆರ್ ರಿಟರ್ನನ್ನು ಏಪ್ರಿಲ್ 15ರೊಳಗೆ ಸಲ್ಲಿಸಿ, ಒಪ್ಪಂದದ ವಿಧಿಯನ್ನು ಅದರಲ್ಲಿ ನಮೂದಿಸಬೇಕು. ಸೇರಿದ ಮೊದಲ ತಿಂಗಳಲ್ಲೇ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ, ಮುರಿಯುವ ಹೊತ್ತಿನಲ್ಲೇ ಒಪ್ಪಂದವನ್ನು ಗಣನೆಗೆ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ತೆಗೆದುಕೊಂಡರೆ ಆ 2,240 ಡಾಲರನ್ನು ಮೊದಲು ಹೊಂದಿಸಿ ಆಮೇಲೆ ಕಾಯುವ ಪ್ರಮೇಯ ಬರುವುದಿಲ್ಲ. ತೆಗೆದುಕೊಳ್ಳದಿದ್ದರೆ ಮೊದಲ ವರ್ಷಕ್ಕೆ ಅಷ್ಟು ಹಣವನ್ನು ಊರಿನಿಂದಲೇ ಹೊಂದಿಸಿಕೊಂಡು ಹೋಗಿ.